ಆಚೆ ನೆಲವಿಲ್ಲದ ಬಾಗಿಲು

ಮಕ್ಕಳೇ, ನಮ್ಮ ಅಡುಗೆಮನೆಯ ಆ ಗಾಜಿನ ಬಾಗಿಲನ್ನು ಸರಿಸಿ ನೀವಿಬ್ಬರೂ ದಿನವೆಲ್ಲ ಡೆಕ್ಕಿಗೆ ಓಡಿಹೋಗುತ್ತೀರಿ, ಓಡಿಬರುತ್ತೀರಿ. ನಾನು ಅಮೆರಿಕಕ್ಕೆ, ಸ್ಟರ್ಲಿಂಗ್‌ನ ಈ ಮನೆಗೆ ಬಂದಾಗ ಆ ಬಾಗಿಲಿನ ಆಚೆ ನೆಲವಿರಲಿಲ್ಲ. ಬಾಗಿಲು ಸರಿಸಿದರೆ ಗಾಳಿ. ಒಂದು ಮಹಡಿಯಷ್ಟು ಕೆಳಗೆ ಹುಲ್ಲು. ಯಾರೂ ಬೀಳದಿರಲಿ ಎಂದು ಬಾಗಿಲಿಗೆ ಅಡ್ಡವಾಗಿ ಎದೆಯೆತ್ತರದ ಬಿಳಿ ಕಟಕಟೆ ಹೊಡೆದಿದ್ದರು.

ನನಗೆ ಅದು ಅರ್ಥವೇ ಆಗಲಿಲ್ಲ. ಮುಂದಿನಿಂದ ಬಂದರೆ ಅಡುಗೆಮನೆ ರಸ್ತೆಯ ಮಟ್ಟದಲ್ಲೇ ಇದೆ. ಒಳಗೆ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಅದೇ ಅಡುಗೆಮನೆ ಮಹಡಿಯ ಮೇಲಿರುತ್ತದೆ. ಹಿಂದೆ ಇಳಿಜಾರಂತೆ, ಬೇಸ್‌ಮೆಂಟಿನ ಬಾಗಿಲು ಹಿತ್ತಲಿಗೆ ತೆರೆಯುತ್ತದಂತೆ. ಸರಿ, ಹಾಗಾದರೆ ಮೇಲೊಂದು ಬಾಗಿಲು ಯಾಕೆ?

"ಡೆಕ್ ಬೇಕಾದೋರು ಆಮೇಲೆ ಕಟ್ಟಿಸ್ಕೊಳ್ಳಲಿ ಅಂತ ಬಿಲ್ಡರ್ ಬಾಗಿಲು ಮಾತ್ರ ಬಿಟ್ಟಿರ್ತಾನಮ್ಮ," ಎಂದಳು ನಿಮ್ಮಮ್ಮ.

"ಅಲ್ಲೀ ತನಕ ಇದು ಏನು?"

"ಅಲ್ಲೀ ತನಕ ಕಿಟಕಿ ಅನ್ಕೊ."

ನಮ್ಮೂರಲ್ಲಿ ಮನೆ ಕಟ್ಟುವವರು ಮೊದಲು ಜಗಲಿ ಕಟ್ಟಿ, ಅದರ ಮೇಲೆ ಕೂತು ಉಳಿದ ಮನೆಯ ಮಾತಾಡುತ್ತಿದ್ದರು. ಜಗಲಿ ಇರುವುದು ಬೀದಿಗೆ. ಹೋಗುವವರು ಬರುವವರು ಕಾಣಬೇಕು, ಮಾತಾಡಿಸಬೇಕು. ಇಲ್ಲಿಯ ಜಗಲಿ ಮನೆಯ ಬೆನ್ನಿಗೆ. ಅದೂ ಮನೆಯಾಗಿ ಎಷ್ಟೋ ಕಾಲದ ಮೇಲೆ. ಯಾರಿಗೂ ಕಾಣದ ಕಡೆ ಕೂರಲು ಇಷ್ಟೆಲ್ಲ ಖಟಪಟಿ ಯಾಕೆ ಎಂದು ಕೇಳಬೇಕೆನಿಸುತ್ತಿತ್ತು. ಕೇಳಲಿಲ್ಲ. ನಿಮಗೆ ಗೊತ್ತಲ್ಲ, ನಾನು ಕೇಳುವವಳಲ್ಲ.

ಪಾಪು ಹುಟ್ಟುವ ಹೊತ್ತಿಗೆ ಬಾಣಂತನಕ್ಕೆಂದು ಬಂದೆ. ನಿಮ್ಮ ತಾತ ಅದಕ್ಕೂ ಮೊದಲೇ ತೀರಿಹೋಗಿದ್ದರು. ಕೊರೊನಾ ಬಂದು ವಿಮಾನಗಳು ನಿಂತವು. ಆಮೇಲೆ ವಿಮಾನ ಹೊರಟರೂ ನಿಮ್ಮಮ್ಮ ನನ್ನನ್ನು ಕಳಿಸಲಿಲ್ಲ. ಮಗಳ ಮನೆಯಲ್ಲಿ ಉಳಿಯುವುದು ನನಗೆ ಮುಜುಗರ. ನಿಮ್ಮಪ್ಪ ಒಳ್ಳೆಯ ಮನುಷ್ಯ, ಎಂದೂ ಒಂದು ಮಾತು ಆಡಿದವರಲ್ಲ. ಆದರೆ ನಮ್ಮ ಕಡೆ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ಅಳಿಯನೂ ಅಷ್ಟೆ. ನಾವಿಬ್ಬರೂ ಒಂದೇ ಅಡುಗೆಮನೆಯಲ್ಲಿದ್ದರೂ ನಮ್ಮ ಮಾತು ನಿಮ್ಮಮ್ಮನ ಮೂಲಕವೇ ಹೋಗಿ ಬರುತ್ತಿತ್ತು. "ಅತ್ತೆಗೆ ಕಾಫಿ ಬೇಕಾ ಕೇಳು." "ಬೇಡ ಅಂತ ಹೇಳು." ಪುಟ್ಟಿ, ನೀನು ಆಗ ಚಿಕ್ಕವಳು, ನಮ್ಮನ್ನು ನೋಡಿ "ಅಜ್ಜಿ, ಯು ಕ್ಯಾನ್ ಹಿಯರ್ ಹಿಮ್!" ಎಂದು ನಗುತ್ತಿದ್ದೆ.

ನಿಮ್ಮಪ್ಪನ ಆಫೀಸೂ ಆಗ ಬೇಸ್‌ಮೆಂಟಿಗೆ ಇಳಿಯಿತು. ಬೆಳಗಿನಿಂದ ಸಂಜೆಯವರೆಗೆ ಅವರು ಕಂಪ್ಯೂಟರಿನ ಮುಂದೆ ಯಾರ ಯಾರ ಜೊತೆಗೋ ಮಾತಾಡುತ್ತಿದ್ದರು. ಹಿತ್ತಲಿಗೆ ಹೋಗಬೇಕಾದರೆ ಅವರ ಬೆನ್ನ ಹಿಂದೆಯೇ, ಆ ಕ್ಯಾಮೆರಾದ ಎದುರಿಗೇ ದಾಟಿಹೋಗಬೇಕು. ಅದು ನನ್ನಿಂದಾಗದ ಮಾತು. ಹಾಗಾಗಿ ಕೆಲಸದ ದಿನಗಳಲ್ಲಿ ನನಗೆ ಹಿತ್ತಲು ಎಂದರೆ ಆ ಬಾಗಿಲಿನಿಂದ ಕಾಣುವಷ್ಟೇ.

ಅಲ್ಲಿಂದಲೇ ನನಗೆ ಆಪಾ ಸಿಕ್ಕಿದ್ದು.

ಅದು ಮಾರನೆಯ ವರ್ಷದ ವಸಂತ. ಬಾಗಿಲು ತೆರೆದು ಪಾಪುವಿನ ಹೊದಿಕೆ ಕೊಡವುತ್ತಿದ್ದೆ. ಕೆಳಗೊಂದು ಅಳಿಲು, ನಿಮ್ಮಮ್ಮ ನೆಟ್ಟ ಗೆಡ್ಡೆಯನ್ನು ಕೆದಕುತ್ತಿತ್ತು. "ಹೋಗಾಚೆ, ಮುಂಡೇದೆ! ನಿಂಗೇನು ಬೇರೆ ಜಾಗ ಇಲ್ವಾ?" ಎಂದು ಬೈದೆ. ನಮ್ಮ ಸಾಲಿಗೆ ಬೆನ್ನು ಕೊಟ್ಟು ಇನ್ನೊಂದು ಮನೆಸಾಲು ಇದೆಯಲ್ಲ, ಅಲ್ಲಿಯ ಡೆಕ್ಕಿನಿಂದ ಯಾರೋ ಗಟ್ಟಿಯಾಗಿ ನಕ್ಕರು.

"ಏನಕ್ಕಾ, ಅಳಿಲಿಗೂ ಕನ್ನಡ ಕಲಿಸ್ತಿದ್ದೀರಾ?"

ನೋಡಿದರೆ ತಲೆಯ ಮೇಲೆ ದುಪಟ್ಟಾ ಹೊದ್ದ, ನನ್ನ ವಯಸ್ಸಿನ ಒಬ್ಬರು. ಅವರ ಡೆಕ್ಕಿಗೆ ಮೆಟ್ಟಿಲಿತ್ತು. ಸರಸರ ಇಳಿದು ಹುಲ್ಲು ದಾಟಿ ನಮ್ಮ ಗೋಡೆಯ ಬುಡಕ್ಕೇ ಬಂದರು.

"ಯಾವೂರು ನಿಮ್ದು?"

"ನಂಜನಗೂಡು ಹತ್ರ."

"ಅಯ್ಯೋ, ನಾನು ಮೈಸೂರು! ಮಗ ಇಲ್ಲಿ ಡಾಕ್ಟ್ರು. ಇಳಿದು ಬನ್ನಿ ಅಕ್ಕಾ, ಮುಖ ನೋಡೋಣ."

"ಇಲ್ಲಿಂದ ಇಳಿಯೋಕೆ ಆಗಲ್ಲ."

"ಅದೇನು ಬಾಗಿಲು ಇಟ್ಕೊಂಡಿದ್ದೀರ ಮತ್ತೆ?"

"ಇದು ಕಿಟಕಿ ಅಂತೆ," ಎಂದೆ. ಅವರು ಮತ್ತೆ ನಕ್ಕರು.

ಅವತ್ತಿನಿಂದ ಮಧ್ಯಾಹ್ನ ಪಾಪು ಮಲಗಿದ ಮೇಲೆ ನಾನು ಮೇಲೆ ಕಟಕಟೆ ಹಿಡಿದು ನಿಲ್ಲುವುದು, ಅವರು ಕೆಳಗೆ ಕತ್ತೆತ್ತಿ ನಿಲ್ಲುವುದು. ಅವರು ನನ್ನನ್ನು ಅಕ್ಕ ಎನ್ನುತ್ತಿದ್ದರು. ಊರಲ್ಲಿ ನಮ್ಮ ಬೀದಿಯ ಕೊನೆಯ ಮನೆಯವರನ್ನು ಆಪಾ ಎಂದು ಕರೆದು ನನಗೆ ಅಭ್ಯಾಸವಿತ್ತು, ಇವರನ್ನೂ ಹಾಗೇ ಕರೆದೆ. ಆಪಾ ಅಂದರೂ ಅಕ್ಕನೇ. ಇಬ್ಬರಿಗೂ ಇನ್ನೊಬ್ಬರೇ ದೊಡ್ಡವರಾಗಬೇಕು. "ನೀವೇ ದೊಡ್ಡೋರು, ನಿಮ್ ಕೂದಲು ನೋಡಿ." "ನೀವು ದುಪಟ್ಟಾ ತೆಗೀರಿ, ಆಮೇಲೆ ಹೇಳ್ತೀನಿ." ಹೀಗೆ.

ಮಾತಾದ ಮೇಲೆ ತಿಂಡಿ. ಬಟ್ಟೆ ಒಣಹಾಕುವ ಹಗ್ಗಕ್ಕೆ ಒಂದು ಬಟ್ಟೆಯ ಚೀಲ ಕಟ್ಟಿ, ಅದರಲ್ಲಿ ಡಬ್ಬಿ ಇಟ್ಟು ಬಾವಿಗೆ ಬಿಂದಿಗೆ ಬಿಟ್ಟಂತೆ ಬಿಡುತ್ತಿದ್ದೆ. ಚಟ್ನಿಪುಡಿ, ಒಬ್ಬಟ್ಟು, ಹುರಿದ ಕಡಲೆಬೀಜ. ಅವರು ಡಬ್ಬಿಯನ್ನು ಖಾಲಿ ಕಳಿಸುತ್ತಿರಲಿಲ್ಲ. ಆ ವಿಷಯದಲ್ಲಿ ಅವರ ಮನೆಯ ಪದ್ಧತಿಯೂ ನಮ್ಮ ಮನೆಯ ಪದ್ಧತಿಯೂ ಒಂದೇ. ರಂಜಾನಿನಲ್ಲಿ ಖರ್ಜೂರ ಬಂತು, ಹಬ್ಬದ ದಿನ ಶಾವಿಗೆಯ ಖೀರು ಬಂತು. ಏನೂ ಇಲ್ಲದ ದಿನ ನಾಲ್ಕು ಪುದೀನ ಎಲೆಯಾದರೂ ಇರುತ್ತಿತ್ತು.

ಶನಿವಾರ ಭಾನುವಾರ ನಿಮ್ಮಪ್ಪ ಕೆಳಗೆ ಕೆಲಸಕ್ಕೆ ಕೂರುವುದಿಲ್ಲ, ಆಗ ನಾನು ಇಳಿಯಬಹುದಿತ್ತು. ಆದರೆ ಶುಕ್ರವಾರ ಸಂಜೆಯೇ ಆಪಾರ ಮಗ ಅವರನ್ನು ಹರ್ನ್‌ಡನ್‌ನಲ್ಲಿರುವ ಮಗಳ ಮನೆಗೆ ಬಿಟ್ಟುಬರುತ್ತಿದ್ದ. ಒಂದು ಸಲ ಧೈರ್ಯ ಮಾಡಿ ಮುಂಬಾಗಿಲಿನಿಂದಲೇ ಹೊರಟೆ. ನಮ್ಮ ಸಾಲು ರೈಲಿನ ಹಾಗೆ ಉದ್ದ, ಕೊನೆ ಮುಟ್ಟಿ ತಿರುಗಿ ಇನ್ನೊಂದು ಸಾಲಿಗೆ ಹೋಗಬೇಕು. ಅಲ್ಲಿ ಎಲ್ಲ ಮನೆಗಳೂ ಒಂದೇ ತರ. ಇದೇ ಇರಬೇಕು ಎಂದು ಒಂದು ಬಾಗಿಲ ಮುಂದೆ ನಿಂತೆ. ಒಳಗಿನಿಂದ ಯಾರೂ ಬರಲಿಲ್ಲ, ಕರೆಗಂಟೆಯೇ ಇಂಗ್ಲಿಷಿನಲ್ಲಿ ಏನೋ ಕೇಳಿತು. ಗಂಟೆಗೆ ಉತ್ತರ ಕೊಡಬೇಕೋ ಬೇಡವೋ ತಿಳಿಯದೆ "ಸಾರಿ" ಎಂದು ವಾಪಸ್ ಬಂದುಬಿಟ್ಟೆ. ಬರುವಾಗ ನಮ್ಮ ಮನೆ ಯಾವುದು ಎಂಬುದೂ ಮರೆತಿತ್ತು. ಪುಟ್ಟಿಯ ಸೈಕಲ್ಲು ಬಾಗಿಲಲ್ಲಿ ನಿಂತಿದ್ದನ್ನು ನೋಡಿ ಗುರುತು ಹಿಡಿದೆ.

ಆ ಬೇಸಿಗೆಯ ಕೊನೆಗೆ ನಿಮ್ಮಪ್ಪ ಡೆಕ್ಕಿನ ಮಾತೆತ್ತಿದರು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಚಿತ್ರ ತೋರಿಸಿದರು.

"ಅತ್ತೆಗೆ ಬಿಸಿಲಲ್ಲಿ ಕೂರೋಕೆ ಆಗತ್ತೆ ಅಂತ ಹೇಳು," ಎಂದರು ನಿಮ್ಮಮ್ಮನಿಗೆ. ನಾನು ಒಲೆಯ ಹತ್ತಿರವೇ ಇದ್ದೆ.

"ಸಂತೋಷ ಅಂತ ಹೇಳು," ಎಂದೆ.

ನಿಜವಾಗಿ ಸಂತೋಷವಾಗಿತ್ತು. ಡೆಕ್ ಎಂದರೆ ನನ್ನ ಕಣ್ಣಿಗೆ ಬಂದದ್ದು ಆಪಾ ಇಳಿದುಬರುತ್ತಿದ್ದ ಮೆಟ್ಟಿಲು. ನಿಮ್ಮಪ್ಪ ಮಲಗಲು ಹೋದ ಮೇಲೆ ನಿಮ್ಮಮ್ಮನನ್ನು ಕರೆದು ಆ ಚಿತ್ರವನ್ನು ಮತ್ತೊಮ್ಮೆ ತೋರಿಸು ಎಂದೆ. ಕಂಬ ಇತ್ತು, ಹಲಗೆ ಇತ್ತು, ಸುತ್ತ ಕಟಕಟೆ ಇತ್ತು. ಹುಡುಕಿದ್ದು ಇರಲಿಲ್ಲ.

"ಮೆಟ್ಟಿಲು ಎಲ್ಲೇ?"

"ಹಾಕ್ಸಲ್ಲಮ್ಮ. ಇರೋದೇ ಒಂದಿಷ್ಟು ಯಾರ್ಡು, ಮೆಟ್ಟಿಲು ಹಾಕಿದ್ರೆ ಅರ್ಧ ಅದೇ ತಿನ್ನತ್ತೆ. ಪಾಪು ಬೇರೆ ಓಡೋಕೆ ಶುರು ಮಾಡಿದಾನೆ. ಯಾಕೆ, ನಿಂಗೆ ಬೇಕಿತ್ತಾ?"

ಬೇಕು ಎನ್ನಲು ಅದೊಂದೇ ಕ್ಷಣವಿತ್ತು. "ಸುಮ್ನೆ ಕೇಳ್ದೆ," ಎಂದೆ. ಮಗಳು ಅಳಿಯ ಕಟ್ಟಿಸುತ್ತಿರುವುದಕ್ಕೆ ನಾನು ಇನ್ನಷ್ಟು ಸೇರಿಸುವುದು ಹೇಗೆ? ಅದೂ ಎಂಥ ಕಾರಣಕ್ಕೆ? ಹಿಂದಿನ ಮನೆಗೆ ಹೋಗಿ ಹರಟಲು.

ಮಾರನೆಯ ದಿನ ಆಪಾಗೆ ಹೇಳಿದೆ.

"ಬಾಯಿಲ್ವಾ ಅಕ್ಕಾ ನಿಮಗೆ? ಅಳಿಲಿಗೆ ಬೈಯೋಕೆ ಬರತ್ತೆ, ಮಗಳನ್ನ ಒಂದು ಮೆಟ್ಟಿಲು ಕೇಳೋಕೆ ಬರಲ್ವಾ?"

"ಕೇಳ್ತೀನಿ ಬಿಡಿ, ಅವಸರ ಏನು?"

ಅವರು ದುಪಟ್ಟಾ ಸರಿಮಾಡಿಕೊಂಡರು. ಆಮೇಲೆ ಹೇಳಿದರು: "ಅವಸರ ಇದೆ. ನಮ್ಮ ಮಗಂಗೆ ಕ್ಯಾರೊಲಿನಾ ಕಡೆ ಕೆಲಸ ಆಗಿದೆ. ಫೋರ್ಟ್ ಮಿಲ್ ಅಂತೆ ಊರು. ಕಾರಲ್ಲಿ ಹೋದ್ರೆ ಒಂದ್ ದಿನಾನೇ ಹಿಡಿಯತ್ತೆ. ಡಿಸೆಂಬರ್‌ಗೆ ಹೋಗ್ತೀವಿ."

ನಾನು ಕಟಕಟೆ ಹಿಡಿದೇ ನಿಂತಿದ್ದೆ.

"ನಮ್ಮನೇಲಿ ಕೂತು ಒಂದ್ ಲೋಟ ಚಾ ಕುಡೀದೇ ನಾನ್ ಹೋಗಲ್ಲ ಅಕ್ಕಾ. ಅದೇನ್ ಮಾಡ್ತೀರೋ ಮಾಡಿ."

ಆಮೇಲೆ ನನ್ನ ತಲೆಯಲ್ಲಿ ಅದೊಂದೇ. ಡಿಸೆಂಬರಿನೊಳಗೆ ಇಳಿಯಬೇಕು. ಡೆಕ್ ಬೇಗ ಆಗಲಿ, ಆದಮೇಲೆ ಹೇಗಾದರೂ ಮೆಟ್ಟಿಲಿನ ಮಾತು ತೆಗೆಯೋಣ ಎಂದುಕೊಂಡೆ. ಆದರೆ ಅದು ಬೇಗ ಆಗುವ ಕೆಲಸವಾಗಿರಲಿಲ್ಲ. ಹಲಗೆಗೆ ಯಾವ ಬಣ್ಣ ಎಂದು ನಮ್ಮ ಸಾಲಿನವರ ಸಂಘವೊಂದು ಒಪ್ಪಬೇಕಂತೆ. ಕಂಬ ಎಷ್ಟು ದಪ್ಪ ಎಂದು ಕೌಂಟಿಯವರು, ಅಂದರೆ ಇಲ್ಲಿಯ ಜಿಲ್ಲಾ ಕಚೇರಿಯವರು, ಒಪ್ಪಬೇಕಂತೆ. ನಮ್ಮ ಮನೆ, ನಮ್ಮ ಹಿತ್ತಲು, ಇವರೆಲ್ಲ ಯಾರು? ಒಂದು ಒಪ್ಪಿಗೆ ಬಂದರೆ ಇನ್ನೊಂದು ಬರಲಿಲ್ಲ ಎನ್ನುತ್ತಿದ್ದರು. ಮರಗಳ ಎಲೆ ಕೆಂಪಾದವು, ಉದುರತೊಡಗಿದವು. ಕೊನೆಗೊಂದು ಶುಕ್ರವಾರ ಕಂಟ್ರಾಕ್ಟರ್ ಇಬ್ಬರು ಕೆಲಸದವರನ್ನು ಕರೆದುಕೊಂಡು ಬಂದ.

ಅವರು ಗುಂಡಿ ತೆಗೆಯುವುದನ್ನು ನಾನು ಮೇಲಿನಿಂದ ನೋಡುತ್ತಿದ್ದೆ. ಇಳಿದು ನಿಂತರೆ ನನ್ನ ಸೊಂಟ ಮುಚ್ಚುವಷ್ಟು ಆಳ. ಕೂರುವ ಹಲಗೆಗೆ ಇಷ್ಟು ಆಳದ ಅಡಿಪಾಯವೇ? ನಮ್ಮೂರಲ್ಲಿ ದನದ ಕೊಟ್ಟಿಗೆಯ ಕಂಬವನ್ನು ಮೊಳದುದ್ದ ಹೂತರೆ ಅದು ಅಪ್ಪನ ಕಾಲದಿಂದ ಮಗನ ಕಾಲಕ್ಕೆ ನಿಲ್ಲುತ್ತಿತ್ತು.

"ಇಲ್ಲಿ ಚಳೀಲಿ ಮಣ್ಣೊಳಗಿನ ನೀರು ಐಸಾಗತ್ತಮ್ಮ," ಎಂದಳು ನಿಮ್ಮಮ್ಮ. "ಆಗ ಮಣ್ಣು ಉಬ್ಬತ್ತೆ. ಕಂಬಾನ ಮೇಲಕ್ಕೆತ್ತಿಬಿಡತ್ತೆ. ಐಸು ಇಳಿಯದಷ್ಟು ಆಳಕ್ಕೆ ಕಾಂಕ್ರೀಟ್ ಹಾಕ್ಬೇಕು."

"ಮಣ್ಣು ಮನೆ ಎತ್ತತ್ತಾ?"

"ಎತ್ತತ್ತೆ."

ಬೇಸಿಗೆಯಲ್ಲಿ ಮಣ್ಣು ಬಿರುಕು ಬಿಡುವುದನ್ನು ನೋಡಿದ್ದೇನೆ. ಮಣ್ಣು ಏಳುತ್ತದೆ ಎಂದರೆ ಹೇಗೆ ನಂಬುವುದು? ಇವಳು ನನ್ನನ್ನು ಮಗುವಿನ ಹಾಗೆ ಸಮಾಧಾನ ಮಾಡುತ್ತಿದ್ದಾಳೆ ಎಂದುಕೊಂಡೆ.

ಆದರೂ ಕಂಬ ಏಳುತ್ತದೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಸುಮ್ಮನಿರಲು ಆಗುತ್ತದೆಯೇ? ಕಂಬ ನಿಲ್ಲಿಸುವ ಮೊದಲು ಪೂಜೆಯಾಗಬೇಡವೇ ಎಂದೆ. ನಿಮ್ಮಮ್ಮನಿಗೂ ಅದು ಸರಿ ಎನಿಸಿತು. "ಭಾನುವಾರ ಚಿಕ್ಕದಾಗಿ ಮಾಡ್ಬಿಡೋಣಮ್ಮ," ಎಂದಳು. ಶನಿವಾರವೇ ನವಧಾನ್ಯ ನೆನೆಹಾಕಿದೆ. ಮನೆಯಲ್ಲಿ ಎಲ್ಲ ಇತ್ತು, ಹುರುಳಿ ಮಾತ್ರ ಇರಲಿಲ್ಲ. ಒಂಬತ್ತು ಆಗಲೇಬೇಕಲ್ಲ, ನಿಮಗೆ ಪಾಪ್‌ಕಾರ್ನ್ ಮಾಡುವ ಜೋಳವನ್ನು ಸೇರಿಸಿದೆವು. ಹೂವಿಗೆ, ಅಂಗಡಿಯ ಮುಂದೆ ಕುಂಬಳಕಾಯಿಗಳ ಪಕ್ಕ ಕುಂಡದಲ್ಲಿ ಮಾರುವ ಸೇವಂತಿಗೆ.

ಭಾನುವಾರ ನಿಮ್ಮಪ್ಪ ಪಾಪುವನ್ನು ಎತ್ತಿಕೊಂಡು ಪಾರ್ಕಿಗೆ ಹೋಗಿದ್ದರು. ನಾನು, ನಿಮ್ಮಮ್ಮ, ಪುಟ್ಟಿ ಬೇಸ್‌ಮೆಂಟಿನಿಂದ ಹೊರಗೆ ಹೋಗಿ ಈಶಾನ್ಯದ ಗುಂಡಿಯ ಹತ್ತಿರ ನಿಂತೆವು. ಅರಿಸಿನ ಕುಂಕುಮ ಹಾಕಿ, ಹೂವು ಹಾಕಿ, ಧಾನ್ಯ ಹಾಕಿ, ಒಂದು ಲೋಟ ಹಾಲೆರೆದು, ಕಳಶದ ನೀರು ಬಿಟ್ಟೆವು. ಮೇಲೆ ಮೂರು ಹಿಡಿ ಮಣ್ಣು. ಪುಟ್ಟಿಯ ಕೈಲೂ ಒಂದು ಹಿಡಿ ಹಾಕಿಸಿದೆವು. ನನಗೆ ಎಷ್ಟೋ ದಿನದ ಮೇಲೆ ಮನಸ್ಸು ನಿರಾಳವಾಯಿತು. ಹುಲ್ಲಿನ ಆಚೆ ಆಪಾ ಮನೆಯ ಪರದೆಗಳು ಮುಚ್ಚಿದ್ದವು.

ಮಂಗಳವಾರ ಕೌಂಟಿಯ ಇನ್‌ಸ್ಪೆಕ್ಟರ್ ಬಂದ. ಗುಂಡಿ ನೋಡಲು ಒಬ್ಬ ಸರ್ಕಾರಿ ಮನುಷ್ಯ ಬರುತ್ತಾನೆಂದು ನನಗೆ ಗೊತ್ತೇ ಇರಲಿಲ್ಲ. ಖಾಲಿ ಗುಂಡಿಯಲ್ಲಿ ನೋಡುವುದಾದರೂ ಏನಿರುತ್ತದೆ? ಪುಟ್ಟಿಗೆ ನೆಗಡಿಯಾಗಿ ಅವತ್ತು ಶಾಲೆಯಿರಲಿಲ್ಲ. ನಾವಿಬ್ಬರೂ ಬಾಗಿಲು ಸರಿಸಿ ಮೇಲಿನಿಂದ ನೋಡುತ್ತಿದ್ದೆವು. ಅವನು ಒಂದೊಂದು ಗುಂಡಿಗೂ ಕೋಲು ಬಿಟ್ಟು ಅಳೆದ, ಟಾರ್ಚು ಬಿಟ್ಟು ನೋಡಿದ, ತಲೆಯಾಡಿಸಿದ. ಈಶಾನ್ಯದ ಗುಂಡಿಗೆ ಬಂದವನು ಬಗ್ಗಿದ. ಮತ್ತೆ ಬಗ್ಗಿದ. ಮಂಡಿಯೂರಿ ಕೂತ. ಕಂಟ್ರಾಕ್ಟರನನ್ನು ಕರೆದ. ಇಬ್ಬರೂ ಒಟ್ಟಿಗೆ ಒಳಗೆ ಇಣುಕಿದರು. ಫೋಟೊ ತೆಗೆದರು. ಆಮೇಲೆ ನಿಮ್ಮಪ್ಪನೂ ಬೇಸ್‌ಮೆಂಟಿನಿಂದ ಹೊರಗೆ ಬಂದು ಇಣುಕಿದರು.

"ಏನಂತೆ ಪುಟ್ಟೀ?"

"ಅಜ್ಜಿ, ಬೀನ್ಸ್ ಯಾರು ಹಾಕಿದ್ದು ಅಂತ ಕೇಳ್ತಾ ಇದ್ದಾರೆ," ಎಂದೆ ನೀನು. "ಐ ಥಿಂಕ್ ಇಟ್ಸ್ ಗ್ರೋಯಿಂಗ್!"

ನೆನೆದ ಕಾಳಲ್ಲವೇ, ಮೊಳಕೆ ಬಂದಿತ್ತು. ಹೆಸರುಕಾಳಿನದು ಮಣ್ಣು ಸೀಳಿ ಮೇಲೆದ್ದಿತ್ತಂತೆ. ನನಗೆ ಒಂದು ಗಳಿಗೆ ಸಂತೋಷವೇ ಆಯಿತು. ಮೊಳಕೆ ಬಂದರೆ ಶುಭ, ಇದಕ್ಕಿಂತ ಏನು ಬೇಕು? ಆದರೆ ಅವನು ಒಂದು ಕೆಂಪು ಚೀಟಿ ಬರೆದು ಬೇಸ್‌ಮೆಂಟಿನ ಬಾಗಿಲಿಗೆ ಅಂಟಿಸಿ ಹೋದ.

ನಿಮ್ಮಪ್ಪ ಮೇಲೆ ಬಂದರು. ನಿಮ್ಮಮ್ಮ ಊಟಕ್ಕೆಂದು ತನ್ನ ಕೋಣೆಯಿಂದ ಇಳಿದಿದ್ದಳು.

"ಗುಂಡೀಲಿ ಏನೇನು ಹಾಕಿದ್ರು ಅಂತ ನಿಮ್ಮಮ್ಮನ್ನ ಕೇಳು."

"ಅಮ್ಮ ಒಬ್ಬಳೇ ಅಲ್ಲ ರೀ, ನಾನೂ ಇದ್ದೆ. ಪೂಜೆ ಮಾಡಿದ್ವಿ."

"ಗುಂಡಿ ತಳ ಗಟ್ಟಿಯಾಗಿರ್ಬೇಕಂತೆ. ಕೊಳೆಯೋ ವಸ್ತು ಏನೂ ಇರಬಾರದಂತೆ. ನೀರು ಹಾಕಿ ತಳ ಎಲ್ಲ ಕೆಸರಾಗಿದೆ. ಹಾಲಿನ ವಾಸನೆ ಬೇರೆ."

"ಒಂದೇ ಲೋಟ ರೀ. ಅದೂ ಟೂ ಪರ್ಸೆಂಟ್ ಹಾಲು."

"ಓ, ಫ್ಯಾಟ್ ಕಮ್ಮಿ ಅಂತ ಇನ್‌ಸ್ಪೆಕ್ಟರ್‌ಗೆ ಹೇಳ್ಬೇಕಿತ್ತು, ಪಾಸ್ ಮಾಡ್ತಿದ್ದ."

ನಿಮ್ಮಮ್ಮ ತುಟಿ ಕಚ್ಚಿಕೊಂಡಳು. ನಿಮ್ಮಪ್ಪ ಗೋಡೆಯ ಕಡೆ ತಿರುಗಿದರು. ಅವರ ಭುಜ ಅಲುಗುತ್ತಿತ್ತು. ಸಿಟ್ಟೋ ನಗುವೋ ನನಗೆ ತಿಳಿಯಲಿಲ್ಲ. ನಾನು ಸೆರಗು ಹೊದ್ದು ಪಾತ್ರೆ ತೊಳೆಯುತ್ತಲೇ ಇದ್ದೆ.

ಗುಂಡಿ ಶುಚಿ ಮಾಡಿ ಮತ್ತೆ ತೋರಿಸಿದರೆ ಸಾಕಿತ್ತಂತೆ. ಆದರೆ ಕಂಟ್ರಾಕ್ಟರ್ ಅಷ್ಟರಲ್ಲಿ ಬೇರೆ ಮನೆಯ ಕೆಲಸಕ್ಕೆ ಹೋದ. ಅವನು ಬರುತ್ತೇನೆಂದ ವಾರ ಮಳೆ ಹಿಡಿಯಿತು. ಗುಂಡಿಯ ಬದಿಗಳು ಕುಸಿದವು. ಮಳೆ ನಿಂತಾಗ ರಾತ್ರಿಯ ಚಳಿ ಶುರುವಾಗಿತ್ತು. ಹೆಪ್ಪುಗಟ್ಟಿದ ಮಣ್ಣಿನ ಮೇಲೆ ಕಾಂಕ್ರೀಟ್ ಸುರಿಯುವ ಹಾಗಿಲ್ಲ, ಇನ್ನು ಚಳಿಗಾಲ ಕಳೆದ ಮೇಲೆಯೇ ಎಂದ. ಗುಂಡಿಗಳ ಮೇಲೆ ಪ್ಲೈವುಡ್ ಮುಚ್ಚಿ, ಮಕ್ಕಳು ಬೀಳಬಾರದೆಂದು ಸುತ್ತಲೂ ಗೂಟ ಹೊಡೆದು ಹಳದಿ ಪಟ್ಟಿ ಕಟ್ಟಿಹೋದ.

ಆ ಪಟ್ಟಿಯಿಂದ ಇನ್ನೊಂದು ತೊಂದರೆಯಾಯಿತು. ಆಪಾ ಈಗ ನಮ್ಮ ಗೋಡೆಯ ಬುಡಕ್ಕೆ ಬರುವ ಹಾಗಿರಲಿಲ್ಲ. ಪಟ್ಟಿಯ ಆಚೆ ನಿಂತು ಕೂಗಬೇಕು. ಹಗ್ಗ ಅಷ್ಟು ದೂರ ಹೋಗುವುದಿಲ್ಲ.

"ಯಾರಕ್ಕಾ ಇದು ಕಟ್ಟಿದ್ದು? ಪೊಲೀಸ್ ಕೇಸಾ?"

"ಪೂಜೆ ಮಾಡಿದ್ದಕ್ಕೆ ಹೀಗಾಯ್ತು."

ಎಲ್ಲ ಹೇಳಿದೆ. ಅವರು ಹೊಟ್ಟೆ ಹಿಡಿದು ನಕ್ಕರು. ಆಮೇಲೆ, "ಹೋಗ್ಲಿ ಬಿಡಿ. ನಮ್ಮ ಮನೇಲಿ ಯಾರೂ ಹಾಲು ಹಾಕಿರ್ಲಿಲ್ಲ, ಅದಕ್ಕೇ ನಾವೇ ಹೊರಟ್ವಿ," ಎಂದರು. ತಮಾಷೆಗೆ ಅಂದದ್ದು, ಆದರೆ ಇಬ್ಬರಿಗೂ ನಗು ಮುಂದುವರಿಯಲಿಲ್ಲ.

ಡಿಸೆಂಬರ್ ಬಂತು. ನಾನು ಮೆಟ್ಟಿಲು ಕೇಳಿರಲಿಲ್ಲ, ಡೆಕ್ಕೇ ಇಲ್ಲದೆ ಮೆಟ್ಟಿಲು ಕೇಳುವುದೆಲ್ಲಿಂದ? ಒಂದು ಬುಧವಾರ ಬೆಳಿಗ್ಗೆ ಬಾಗಿಲು ಸರಿಸಿದರೆ ಆಪಾ ಅವರ ಡೆಕ್ಕಿನಲ್ಲಿ ನಿಂತು ಎರಡೂ ಕೈ ಬೀಸುತ್ತಿದ್ದರು.

"ಅಕ್ಕಾ, ಟ್ರಕ್ ಬಂದಿದೆ! ಮಧ್ಯಾಹ್ನ ಹೊರಡ್ತೀವಿ!"

"ನಾಳಿದ್ದು ಅಂದಿದ್ರಿ?"

"ಹಿಮ ಬೀಳತ್ತಂತೆ, ಇವತ್ತೇ ಹೊರಡೋಣ ಅಂದ ಮಗ. ಚಾ ಪಾತ್ರೆ ಒಂದು ಪ್ಯಾಕ್ ಮಾಡಿಲ್ಲ!"

ಬಾಗಿಲು ಮುಚ್ಚಿ ಅಡುಗೆಮನೆಯಲ್ಲಿ ನಿಂತೆ. ಹಿಂದಿನ ದಿನ ಅವರಿಗೆಂದೇ ಮಾಡಿಟ್ಟ ಕೊಬ್ಬರಿ ಮಿಠಾಯಿಯ ಡಬ್ಬಿ ಕಟ್ಟೆಯ ಮೇಲಿತ್ತು. ಮುಂಬಾಗಿಲಿನಿಂದ ಹೋದರೆ ಮತ್ತೆ ಆ ಮಾತಾಡುವ ಗಂಟೆಗಳ ನಡುವೆ ದಾರಿ ತಪ್ಪುತ್ತೇನೆ. ಕೆಳಗಿನಿಂದ ಹೋದರೆ ನಿಮ್ಮಪ್ಪ. ಬೇಸ್‌ಮೆಂಟಿನ ಮೆಟ್ಟಿಲ ತಲೆಯಲ್ಲಿ ನಿಂತು ಕಿವಿಗೊಟ್ಟೆ. ಇಂಗ್ಲಿಷಿನಲ್ಲಿ ದೊಡ್ಡದಾಗಿ ಏನೋ ವಿವರಿಸುತ್ತಿದ್ದರು. ನಿಲ್ಲಿಸಲಿ ಎಂದು ಕಾದೆ. ನಿಲ್ಲಿಸಲಿಲ್ಲ. ನಿಮ್ಮಮ್ಮ ಆಫೀಸಿಗೆ ಹೋದ ದಿನ ಅದು, ಪಾಪು ಆಗತಾನೇ ಸೇರಿದ್ದ ಡೇಕೇರಿನಲ್ಲಿ, ಪುಟ್ಟಿ ಶಾಲೆಯಲ್ಲಿ. ನನ್ನ ಪರವಾಗಿ ಹೇಳಲು ಯಾರೂ ಇರಲಿಲ್ಲ.

ಡಬ್ಬಿಯನ್ನು ಸೆರಗಿನೊಳಗಿಟ್ಟುಕೊಂಡು ಇಳಿದೆ. ಪರದೆಯ ತುಂಬ ಚೌಕ ಚೌಕವಾಗಿ ಮುಖಗಳು. ಗೋಡೆಗೆ ಒತ್ತಿಕೊಂಡು ದಾಟುತ್ತಿದ್ದೆ. ಆ ಚೌಕಗಳಲ್ಲೊಂದು ಮುಖ ನಗುತ್ತ ಕೈಯೆತ್ತಿ "ಹಾಯ್ ಆಂಟೀ!" ಎಂದಿತು. ನಿಮ್ಮಪ್ಪ ತಿರುಗಿದರು. ನಾನು ಅಲ್ಲೇ ಕಲ್ಲಾದೆ. ಅವರು ಏನೋ ಬಟನ್ ಒತ್ತಿದರು, ಆ ಮುಖಗಳೆಲ್ಲ ಸದ್ದಿಲ್ಲದೆ ಬಾಯಾಡಿಸಿದವು.

"ಅತ್ತೆ," ಎಂದರು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ, ನನಗೇ ಅಂದದ್ದು. "ಎಲ್ಲಿಗೆ?"

ಹೇಗೆ ಹೇಳಲಿ ಎಂದು ತಿಳಿಯದೆ ಹಿಂದಿನ ಮನೆಯ ಕಡೆ ಕೈ ತೋರಿಸಿದೆ. "ಅವ್ರು ಹೊರಟಿದ್ದಾರೆ. ಚಾ ಕುಡಿದು ಬರ್ತೀನಿ."

ಅವರು ನನ್ನ ಕಾಲು ನೋಡಿದರು. "ಆ ಚಪ್ಪಲೀಲಿ ಬೇಡ. ಹೊರಗೆ ಐಸಿದೆ, ಜಾರತ್ತೆ. ನನ್ ಶೂ ಹಾಕ್ಕೊಂಡು ಹೋಗಿ." ಬಾಗಿಲ ಹತ್ತಿರದ ತಮ್ಮ ದೊಡ್ಡ ಬೂಟುಗಳನ್ನು ಕಾಲಿನಿಂದ ನನ್ನ ಕಡೆ ಸರಿಸಿದರು. ಜಾಕೆಟ್ಟನ್ನೂ ಕೊಟ್ಟರು. ಅಳಿಯನ ಬೂಟಿನಲ್ಲಿ ಕಾಲಿಡುವುದು ಸರಿಯೋ ತಪ್ಪೋ, ಈಗಲೂ ನನಗೆ ಗೊತ್ತಿಲ್ಲ. ಇಟ್ಟೆ.

ಹೊರಗೆ ಬಂದು ಹಳದಿ ಪಟ್ಟಿಯ ಅಂಚಿನಲ್ಲಿ ಹೋಗುವಾಗ ಕಾಲ ಕೆಳಗೆ ಹಪ್ಪಳ ಮುರಿದಂತೆ ಸದ್ದಾಯಿತು. ಬಗ್ಗಿ ನೋಡಿದೆ. ಗುಂಡಿಯಿಂದ ತೆಗೆದು ಹಾಕಿದ್ದ ಮಣ್ಣು ಎದ್ದು ನಿಂತಿತ್ತು. ಅದರ ಅಡಿಯಲ್ಲಿ ಒತ್ತುಶಾವಿಗೆಯಂಥ ಐಸಿನ ಎಳೆಗಳು, ಒಂದೊಂದೂ ತಲೆಯ ಮೇಲೆ ಮಣ್ಣಿನ ಚೂರು, ಸಣ್ಣ ಕಲ್ಲು ಹೊತ್ತುಕೊಂಡಿದ್ದವು. ನಿಮ್ಮಮ್ಮ ಹೇಳಿದ್ದು ನಿಜ. ಆದರೆ ಇಷ್ಟು ನಾಜೂಕಾದದ್ದು ಕಂಬವನ್ನು ಹೇಗೆ ಎತ್ತುತ್ತದೆ ಎಂಬುದು ಮತ್ತೆ ಅರ್ಥವಾಗಲಿಲ್ಲ.

ಆಪಾ ಮೆಟ್ಟಿಲ ಕೆಳಗೇ ಕಾಯುತ್ತಿದ್ದರು. ಹತ್ತಿರ ಹೋದರೆ ನಾನು ಕತ್ತೆತ್ತಬೇಕಾಯಿತು. ಮೇಲಿನಿಂದ ನೋಡಿ ನೋಡಿ ಅವರು ಗಿಡ್ಡವೆಂದುಕೊಂಡಿದ್ದೆ, ನನಗಿಂತ ಒಂದು ಗೇಣು ಎತ್ತರವಿದ್ದರು. ಅವರೂ ನನ್ನನ್ನು ನೋಡಿ ಬಾಯಿ ಬಿಟ್ಟರು.

"ಇಷ್ಟೇನಾ ನೀವು? ನಾನೇನೋ ಭಾರಿ ಆಳು ಅನ್ಕೊಂಡಿದ್ದೆ! ಮತ್ತೆ ಇದ್ಯಾರ ಬೂಟು?"

"ಅ... ಅಳಿಯಂದು."

"ಅಳಿಯನ ಬೂಟು ಹಾಕ್ಕೊಂಡ್ ಬಂದ್ರಾ!" ಎಂದು ನನ್ನನ್ನು ತಬ್ಬಿಕೊಂಡರು.

ಒಳಗೆ ಕೂರಲು ಏನೂ ಉಳಿದಿರಲಿಲ್ಲ. ಪೆಟ್ಟಿಗೆಗಳ ಮೇಲೆ ಕೂತು ಕಾಗದದ ಲೋಟದಲ್ಲಿ ಚಾ ಕುಡಿದೆವು. ಇಷ್ಟು ದಿನ ಕೂಗಿ ಕೂಗಿ ಮಾತಾಡಿದವರಿಗೆ ಹತ್ತಿರ ಕೂತಾಗ ಯಾವ ಮಾತೂ ತೋಚಲಿಲ್ಲ. ಯಾರು ದೊಡ್ಡವರೆಂದು ಕೂಡ ಜಗಳವಾಡಲಿಲ್ಲ. ಅವರ ಸೊಸೆ ಬಂದು "ಅಮ್ಮೀ, ಟೈಮಾಯ್ತು," ಎಂದಾಗ ಎದ್ದೆವು. ಆಪಾ ಮಿಠಾಯಿಯನ್ನು ಬೇರೆಯದಕ್ಕೆ ಸುರಿದುಕೊಂಡು ಡಬ್ಬಿಗೆ ಏನು ಹಾಕುವುದೆಂದು ಸುತ್ತ ನೋಡಿದರು. ಮನೆ ಖಾಲಿ. ಉಳಿದ ಚಹಾ ಪುಡಿಯನ್ನೇ ಹಾಕಿ ಕೊಟ್ಟರು.

ಅವತ್ತು ಸಂಜೆ ನಿಮ್ಮಪ್ಪ ಊಟ ಮಾಡುತ್ತ ನಿಮ್ಮಮ್ಮನಿಗೆ ಹೇಳಿದರು: "ಹೇಗೂ ಮಾರ್ಚ್‌ವರೆಗೆ ಕಾಯ್ಬೇಕಲ್ಲ, ಡ್ರಾಯಿಂಗ್ ಬದಲಾಯಿಸಿ ಮತ್ತೆ ಕಳಿಸೋಣ. ಮೆಟ್ಟಿಲು ಸೇರಿಸಿ. ಕೆಳಗೊಂದು ಗೇಟ್ ಇಟ್ರೆ ಪಾಪು ಓಡಲ್ಲ." ಆಮೇಲೆ ನನ್ನ ಕಡೆ ಒಮ್ಮೆ ನೋಡಿ, ಮತ್ತೆ ನಿಮ್ಮಮ್ಮನ ಕಡೆ ತಿರುಗಿ, "ಸರೀನಾ ಅಂತ ಕೇಳು," ಎಂದರು. ನಾನು "ಸರಿ" ಎಂದು ಅವರಿಗೇ ಹೇಳಿದೆ. ಮೂವರೂ ಸ್ವಲ್ಪ ಗಾಬರಿಯಾದೆವು.

ಹೀಗೆ, ಹೋಗಬೇಕಾದ ಮನೆ ಖಾಲಿಯಾದ ಮೇಲೆ ಮೆಟ್ಟಿಲು ಬಂತು. ವಸಂತದಲ್ಲಿ ಗುಂಡಿಗಳನ್ನು ಮತ್ತೆ ತೋಡಿದರು. ಈ ಸಲ ನಾನು ಅರಿಸಿನ ಕೂಡ ಮುಟ್ಟಲಿಲ್ಲ. ಹಸಿರು ಛಾಯೆಯ, ಔಷಧಿ ವಾಸನೆಯ ಮರ ಬಂತು. ಮಳೆ ನೀರು ಇಳಿಯಲೆಂದು ಹಲಗೆಗಳ ನಡುವೆ ಸಂದು ಬಿಟ್ಟರು. ಸಾಸಿವೆ ಬಿದ್ದರೆ ಸಿಗುವುದಿಲ್ಲ, ಇದೆಂಥ ನೆಲ ಎಂದು ನನಗೆ ಇವತ್ತಿಗೂ ಅನಿಸುತ್ತದೆ. ಹಿಂದಿನ ಮನೆಗೆ ಒಂದು ನಾಯಿ ಸಾಕಿದ ದಂಪತಿ ಬಂದರು. ಕೈ ಬೀಸುತ್ತಾರೆ. ನನಗೋ, ನನ್ನ ಹಿಂದಿರುವ ಯಾರಿಗೋ ತಿಳಿಯದೆ ಸ್ವಲ್ಪ ತಡವಾಗಿ ನಾನೂ ಬೀಸುತ್ತೇನೆ.

ಡೆಕ್ಕಾದ ಮೇಲೆ ಮೊದಲ ಸಲ ಆಪಾ ಫೋನ್ ಮಾಡಿದಾಗ ನಾನು ಮೆಟ್ಟಿಲಿಳಿದು, ಗೇಟು ತೆಗೆದು, ಅವರು ನಿಲ್ಲುತ್ತಿದ್ದ ಜಾಗಕ್ಕೇ ಹೋಗಿ ನಿಂತು ಮಾತಾಡಿದೆ. ಈಗ ಅದು ಡೆಕ್ಕಿನ ಅಡಿಯಲ್ಲಿದೆ.

"ಎಲ್ಲಿದ್ದೀರ ಅಕ್ಕಾ, ಬಾವಿಯೊಳಗಿಂದ ಮಾತಾಡ್ದಂಗಿದೆ?"

"ನೀವು ನಿಲ್ತಿದ್ರಲ್ಲ, ಅಲ್ಲೇ. ಕೆಳಗೆ."

"ಹಾಗಾದ್ರೆ ಮೇಲ್ಯಾರು?"

ಮೇಲೆ ನೀವಿಬ್ಬರು. ಹಲಗೆಯ ಸಂದಿನಲ್ಲಿ ಕಣ್ಣಿಟ್ಟು ನನ್ನನ್ನು ನೋಡುತ್ತಿದ್ದಿರಿ. ಪುಟ್ಟಿ, ನೀನು ಎಲ್ಲಿಂದಲೋ ಆ ಹಳೆಯ ಹಗ್ಗ ಹುಡುಕಿ ತಂದು ಕಟಕಟೆಯ ನಡುವಿನಿಂದ ಚೀಲ ಬಿಟ್ಟೆ. ಚೀಲ ನನ್ನ ಮುಖದ ಮುಂದೆ ಬಂದು ತೂಗಾಡುತ್ತ ನಿಂತಿತು. ಒಳಗೆ ಒಂದು ಬಿಸ್ಕತ್ತು ಇತ್ತು, ಪಾಪು ಅರ್ಧ ಕಚ್ಚಿದ್ದು.

"ಮಕ್ಕಳು ಚೀಲ ಬಿಟ್ಟಿದ್ದಾರೆ ಆಪಾ. ಬಿಸ್ಕತ್ತು ಕಳಿಸಿದ್ದಾರೆ."

"ಖಾಲಿ ಕಳಿಸ್ಬೇಡಿ ಮತ್ತೆ!"

ಬಿಸ್ಕತ್ತು ತೆಗೆದುಕೊಂಡೆ. ಸುತ್ತ ನೋಡಿದೆ. ಕಂಬ, ಕಾಂಕ್ರೀಟು, ಒಣಗಿದ ಮಣ್ಣು. ಪುದೀನ ಎಲೆ ಕೂಡ ಇರಲಿಲ್ಲ. ಏನು ಹಾಕುವುದೆಂದು ತೋಚದೆ, ಆಪಾ ಇನ್ನೂ ಮಾತಾಡುತ್ತಿದ್ದ ಹಾಗೇ ಫೋನನ್ನು ಚೀಲದೊಳಗಿಟ್ಟು, "ಎಳೀರಿ," ಎಂದೆ.